ಕ್ಯಾಸನೂರಿನ ಕಾಡು, ಪುಣೆಯ ಪ್ರಯೋಗಶಾಲೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಬಹಳ ಹಿಂಜರಿದೆವು. ಪಂಪ, ಕುಮಾರವ್ಯಾಸರ ವಿಷಯವಾಗಿ ಗಂಟೆಗಟ್ಟಲೆ ಹೇಳಬಲ್ಲ ವಿದ್ವಾಂಸರು ನಮ್ಮ ನಡುವೆಯೇ ಇದ್ದಾರೆ. ನಾವಾದರೋ ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ಪರರ ಹಣವನ್ನೆಣಿಸಿ ಸಂಜೆಗೆ ಲೆಕ್ಕ ಒಪ್ಪಿಸುವವರು. ಆದರೂ ಒಂದು ವಿಷಯ ನಮ್ಮ ಮನಸ್ಸಿನಲ್ಲಿ ಕೆಲವು ವರ್ಷಗಳಿಂದ ಕುಳಿತಿದೆ. ಅದು ನಮ್ಮ ಮಲೆನಾಡಿಗೂ ನಾವು ಅನ್ನ ಉಣ್ಣುತ್ತಿರುವ ಈ ಪುಣೆಗೂ ಸೇರಿದ ವಿಷಯ. ಪ್ರಯೋಗಶಾಲೆಯಲ್ಲಿ ತಿಳಿದುಬಂದ ಸಂಗತಿ ಹಳ್ಳಿಯ ಬಡವನ ಬಾಗಿಲಿಗೆ ಮುಟ್ಟುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ನಡುದಾರಿಯಲ್ಲಿ ಎಲ್ಲಿ ತಡೆಯುತ್ತದೆ ಎಂಬುದೇ ಆ ವಿಷಯ. ತಪ್ಪಿದ್ದರೆ ಸಭೆಯಲ್ಲಿರುವ ಡಾಕ್ಟರುಗಳು ತಿದ್ದಬೇಕು.

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅದಕ್ಕಾಗಿಯೇ ಇಂದು ಇಲ್ಲಿ ಸೇರಿದ್ದೇವೆ. ಹಾಗೆ ಒಂದಾದ ನಾಲ್ಕೈದು ತಿಂಗಳಲ್ಲೇ, 1957ರಲ್ಲಿ, ಆ ಹೊಸ ರಾಜ್ಯದ ಶಿವಮೊಗ್ಗ ಜಿಲ್ಲೆಯಿಂದ ಒಂದು ಕೆಟ್ಟ ಸುದ್ದಿ ಪುಣೆಗೆ ಬಂದಿತು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲ ಹಳ್ಳಿಗಳ ಜನ ವಿಪರೀತ ಜ್ವರದಿಂದ ಮಲಗಿದ್ದಾರೆ ಎಂಬುದೇ ಆ ಸುದ್ದಿ.

ಅದು ಪುಣೆಗೇ ಬಂದುದಕ್ಕೆ ಕಾರಣವಿದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ ಇಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. ನಮ್ಮಲ್ಲಿ ಅನೇಕರು ಅದರ ಮುಂದೆ ದಿನಾಲು ಬಸ್ಸಿನಲ್ಲಿ ಹಾಯ್ದು ಹೋಗುತ್ತೇವೆ. ಸ್ಟೇಷನ್ನಿಗೆ ದೂರವಲ್ಲದ ಅಂಬೇಡ್ಕರ್ ರಸ್ತೆಯಲ್ಲಿದೆ. 1978ರಿಂದ ಅದಕ್ಕೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂದು ಹೆಸರು. ಕರೋನಾ ಕಾಲದಲ್ಲಿ ಇದೇ ಸಂಸ್ಥೆಯ ಹೆಸರನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಆದರೆ ನಮ್ಮ ಕನ್ನಡದ ಕಾಡಿಗೂ ಈ ಕಟ್ಟಡಕ್ಕೂ ಅರವತ್ತು ವರ್ಷಕ್ಕೂ ಮೀರಿದ ನಂಟಿದೆಯೆಂದು ಬಲ್ಲವರು ಕಡಿಮೆ.

ಪುಣೆಯ ಸಂಶೋಧಕರು ಕೂಡಲೇ ಹೊರಟರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಎಂಬಿಬ್ಬರು ಅಮೆರಿಕನ್ನರು ಅವರಲ್ಲಿ ಮುಖ್ಯರು. ಅವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬಂದಾಗ ಹೀಗೆಯೇ ಮಂಗಗಳು ಸಾಯುತ್ತವೆ. ಆ ರೋಗ ಭಾರತದಲ್ಲಿ ಎಂದೂ ಇರಲಿಲ್ಲ, ಬಂದಿದ್ದರೆ ದೇಶಕ್ಕೇ ಗಂಡಾಂತರವಾಗುತ್ತಿತ್ತು. ಪರೀಕ್ಷೆ ಮಾಡಲಾಗಿ ಅದು ಹಳದಿ ಜ್ವರವಲ್ಲ, ಹಿಂದೆಂದೂ ಕಾಣದ ಹೊಸದೊಂದು ವೈರಸ್ಸು ಎಂದು ತಿಳಿಯಿತು. ಅದರ ಹತ್ತಿರದ ನೆಂಟರು ರಷ್ಯದ ಕಾಡುಗಳಲ್ಲಿದ್ದವು. ಸೊರಬದ ಮೂಲೆಯ ಒಂದು ಕಾಡಿನ ಹೆಸರು ಹೀಗೆ ಜಗತ್ತಿನ ವೈದ್ಯ ಗ್ರಂಥಗಳನ್ನು ಸೇರಿತು. ನಮ್ಮ ಜನ ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು.

ನಾವು ಸಾಗರ ತಾಲ್ಲೂಕಿನವರು. ಮನೆಯ ಹಿಂದೆ ಅಡಕೆ ತೋಟ, ತೋಟದಾಚೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಚಿಕ್ಕಂದಿನಲ್ಲಿ ಚಳಿಗಾಲ ಕಳೆಯುತ್ತ ಬಂದಂತೆ ದೊಡ್ಡವರು ಒಂದು ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದರು: “ಬೆಟ್ಟದಲ್ಲಿ ಮಂಗ ಸತ್ತಿದೆಯಂತೆ.” ಅಂದಿನಿಂದ ಹುಡುಗರಿಗೆ ಬೆಟ್ಟದ ಕಡೆ ಹೋಗುವುದು ನಿಷಿದ್ಧ. ಆದರೆ ದೊಡ್ಡವರು ಹೋಗಲೇಬೇಕು. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಗು ಬೇಕು, ಒಲೆಗೆ ಸೌದೆ ಬೇಕು, ದನ ಮೇಯಬೇಕು. ಕಾಯಿಲೆ ಬರುವುದೂ ಆ ದಾರಿಯಲ್ಲಿಯೇ.

ಇದನ್ನು ಹರಡುವುದು ಉಣುಗು. ದನದ ಮೈಗೆ ಹತ್ತುವ ಉಣ್ಣೆಯ ಜಾತಿಯ ಹುಳು. ಅದರ ಮರಿ ಸಾಸಿವೆಯಷ್ಟು ಸಣ್ಣದು, ಕಚ್ಚಿದ್ದೇ ತಿಳಿಯುವುದಿಲ್ಲ. ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಆ ಮರಿಗಳು ಒಣ ಎಲೆಗಳಲ್ಲಿ ತುಂಬಿರುತ್ತವೆ. ಕೋತಿಗೂ ಮುಸುವಕ್ಕೂ ಸೋಂಕು ತಗುಲಿದರೆ ಅವು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲ ನೆಲವನ್ನೆಲ್ಲ ಅಪಾಯದ ಜಾಗ ಮಾಡುತ್ತವೆ. ಮನುಷ್ಯನಿಗೆ ತಗುಲಿದರೆ ತಡೆಯಲಾಗದ ತಲೆನೋವು, ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ನೂರು ಮಂದಿಗೆ ಬಂದರೆ ಮೂರರಿಂದ ಐದು ಮಂದಿ ಸಾಯುತ್ತಾರೆಂದು ವೈದ್ಯರ ಲೆಕ್ಕ. ಇದಕ್ಕೆಂದೇ ಗುರಿಯಿಟ್ಟ ಔಷಧ ಇಲ್ಲ. ಒಂದೇ ಸಮಾಧಾನವೆಂದರೆ ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯನ್ನು ಮುಟ್ಟುವುದಕ್ಕೆ ಯಾರೂ ಅಂಜಬೇಕಾಗಿಲ್ಲ.

ಇಷ್ಟು ಸಂಗತಿ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಪುಣೆಯವರು ಸಾಗರದಲ್ಲಿ ಒಂದು ಠಾಣೆಯನ್ನೇ ತೆರೆದು ಹಕ್ಕಿ, ಇಲಿ, ಅಳಿಲು, ದನ ಎಲ್ಲವನ್ನೂ ಪರೀಕ್ಷಿಸಿದರು. ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ಬರೆದಿಟ್ಟ ಒಂದು ಮಾತು ಇಂದಿಗೂ ಯೋಚಿಸಬೇಕಾದದ್ದು. ದಟ್ಟ ಕಾಡನ್ನು ಅಲ್ಲಲ್ಲಿ ಕಡಿದು, ಅಂಚಿನಲ್ಲಿ ದನ ಮೇಯಿಸಿದಾಗ ಉಣುಗು ಹೆಚ್ಚುತ್ತದೆ, ಕಾಯಿಲೆಯ ಬೇರು ಅಲ್ಲಿದೆ ಎಂದು ಅವರ ಅಭಿಪ್ರಾಯ. 1980ರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನ ಮಲಗಿದಾಗ ಆ ಮಾತು ಮತ್ತೆ ಎಲ್ಲರಿಗೂ ನೆನಪಾಯಿತು.

ಲಸಿಕೆಯ ಕಥೆ ಇನ್ನೂ ದೀರ್ಘವಾದದ್ದು. ಮೊದಲು ರಷ್ಯದ ಆ ಹತ್ತಿರದ ರೋಗದ ಲಸಿಕೆಯನ್ನೇ ಶಿವಮೊಗ್ಗದ ಜನರಿಗೆ ಹಾಕಿ ನೋಡಿದರು, ಫಲ ಕೊಡಲಿಲ್ಲ. ಆಮೇಲೆ ಅರವತ್ತರ ದಶಕದಲ್ಲಿ ಪುಣೆಯಲ್ಲಿಯೇ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು, ಹೊಸ ಲಸಿಕೆ ಮಾಡಿದರು. ಅದು ದೊಡ್ಡ ಪ್ರಮಾಣದಲ್ಲಿ ಹಳ್ಳಿಗಳಿಗೆ ಬಂದುದು 1990ರಲ್ಲಿ. ರೋಗ ಕಂಡ ಮೇಲೆ ಮೂವತ್ತಮೂರು ವರ್ಷ! ಆಗ ನಡೆದ ಪರೀಕ್ಷೆಯಲ್ಲಿ ಒಂದು ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 79.3, ಎರಡು ಹಾಕಿಸಿಕೊಂಡವರಲ್ಲಿ 93.5 ಪಾಲು ರಕ್ಷಣೆ ಎಂದು ಲೆಕ್ಕ ಬಂದಿತು. ಎಲ್ಲರಿಗೂ ಸಂತೋಷವಾಯಿತು. ಲೆಡ್ಜರಿನಲ್ಲಿ ಜಮೆಯ ಪುಟ ತುಂಬಿದಂತಾಯಿತು.

ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಒಂದು ಅಭ್ಯಾಸವುಂಟು. ಪುಟ ತುಂಬಿದ್ದನ್ನು ನೋಡಿ ತೃಪ್ತಿಪಡುವುದಿಲ್ಲ, ಪೆಟ್ಟಿಗೆಯಲ್ಲಿರುವ ನಗದನ್ನು ಎಣಿಸಿ ಪುಟದೊಡನೆ ತಾಳೆ ನೋಡುತ್ತೇವೆ. ಲಸಿಕೆಯ ಲೆಕ್ಕವನ್ನು ಹಾಗೆ ತಾಳೆ ನೋಡಿದವರು ಶಿವಮೊಗ್ಗದ ಪ್ರಯೋಗಶಾಲೆಯ ವೈದ್ಯರೂ ಅವರ ಸಂಗಡಿಗರೂ. 2005ರಿಂದ 2010ರವರೆಗಿನ ದಾಖಲೆಗಳನ್ನೆಲ್ಲ ಕೂಡಿಸಿ 2013ರಲ್ಲಿ ಪ್ರಕಟಿಸಿದರು. ಎರಡು ಸೂಜಿಗೆ ರಕ್ಷಣೆ ನೂರಕ್ಕೆ 62.4, ಮೂರನೆಯದನ್ನೂ ಹಾಕಿಸಿಕೊಂಡವರಿಗೆ 82.9. ಕಾಯಿಲೆ ಬಂದವರಲ್ಲಿ ಬಹುಪಾಲು ಒಂದು ಸೂಜಿಯನ್ನೂ ಹಾಕಿಸಿಕೊಳ್ಳದವರು. ಸ್ವಂತ ಇಲಾಖೆಯ ಲೆಕ್ಕದಲ್ಲಿ ಕೊರತೆಯಿದೆಯೆಂದು ತಾವೇ ಬರೆದು ಜಗತ್ತಿಗೆ ತೋರಿಸುವುದು ಸಣ್ಣ ಕೆಲಸವಲ್ಲ. ಆ ವೈದ್ಯರಿಗೆ ನಾವು ಕೈಮುಗಿಯುತ್ತೇವೆ.

ಜನ ಏಕೆ ಹಾಕಿಸಿಕೊಳ್ಳಲಿಲ್ಲ? ಅಜ್ಞಾನ, ಮೂಢನಂಬಿಕೆ ಎಂದು ಪಟ್ಟಣದಲ್ಲಿ ಕುಳಿತವರು ಬೇಗ ಹೇಳಿಬಿಡುತ್ತಾರೆ. ನಾವೂ ಹಾಗೆಯೇ ಹೇಳುತ್ತಿದ್ದೆವು. ಹಾಗೆ ಹೇಳುವುದನ್ನು ನಾವು ಏಕೆ ಬಿಟ್ಟೆವೆಂಬುದನ್ನು ಈಗ ತಿಳಿಸಬೇಕು. ಇದು ನಮ್ಮ ಮನೆಯದೇ ಮಾತು, ಹೇಳಲು ನಾಚಿಕೆಯೂ ಆಗುತ್ತದೆ.

ನಮ್ಮ ತೋಟದ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ನಾವು ಹುಟ್ಟುವ ಮುಂಚಿನಿಂದ ಬರುತ್ತಿದ್ದವಳು, ನಮ್ಮನ್ನು ಎತ್ತಿ ಆಡಿಸಿದವಳು. ನಾವು ಪುಣೆಗೆ ಬಂದ ಮೂರನೆಯ ವರ್ಷ ಊರಿನಲ್ಲಿ ಲಸಿಕೆ ಹಾಕಲು ಬಂದರು. ಅವಳು ಮೊದಲ ಸೂಜಿ ಹಾಕಿಸಿಕೊಂಡಳು. ಆ ಸೂಜಿ ಬಹಳ ನೋವಿನದು. ತೋಳು ಊದಿ ಎರಡು ದಿನ ಕೆಲಸಕ್ಕೆ ಬರಲಾಗಲಿಲ್ಲ. ಬಾರದ ದಿನಕ್ಕೆ ಕೂಲಿಯಿಲ್ಲ, ಅದು ಎಲ್ಲ ತೋಟಗಳಲ್ಲಿಯೂ ನಡೆದುಬಂದ ಪದ್ಧತಿ. ಒಂದು ತಿಂಗಳು ಬಿಟ್ಟು ಎರಡನೆಯ ಸೂಜಿಯ ದಿನ ಬಂದಾಗ ಅಡಕೆ ಕೊಯ್ಲು ಸುರುವಾಗಿತ್ತು. ಕೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು. ಆಳು ಸಿಕ್ಕುವುದೇ ಕಷ್ಟ. ನಮ್ಮ ತಾಯಿಯವರೇ ಅಂದರು: “ಕೊಯ್ಲು ಒಂದು ಮುಗಿಯಲಿ ಮಾರಾಯ್ತಿ, ಸೂಜಿ ಎಲ್ಲಿಗೂ ಓಡಿಹೋಗುವುದಿಲ್ಲ.” ನಾವು ಅಂದು ಊರಿನಲ್ಲಿಯೇ ಇದ್ದೆವು. ಕೇಳಿಸಿಕೊಂಡೆವು, ಸುಮ್ಮನಿದ್ದೆವು.

ಫೆಬ್ರವರಿಯಲ್ಲಿ ಅವಳು ಮಲಗಿದಳು. ಸೊಪ್ಪಿನ ಬೆಟ್ಟದಿಂದ ನಮ್ಮ ಕೊಟ್ಟಿಗೆಗೆ ದರಗು ಹೊತ್ತು ಬಂದ ವಾರವೇ ಜ್ವರ. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದಳು. ಬದುಕಿದಳು, ಆದರೆ ಆ ವರ್ಷವೆಲ್ಲ ಕೈ ನಡುಗುತ್ತಿತ್ತು, ಕೆಲಸಕ್ಕೆ ಬರಲಾಗಲಿಲ್ಲ. ಹಾಲು ಕರೆಯುತ್ತಿದ್ದ ಒಂದು ಹಸುವನ್ನು ಮಾರಿದರು. ನಮ್ಮ ತಾಯಿ ನೋಡಲು ಹೋದಾಗ ಅವಳು ಅಂದದ್ದು ಇಷ್ಟೇ: “ಅಮ್ಮಾ, ನಾನು ಸೂಜಿ ನೋವಿಗೆ ಹೆದರಿದ್ದಲ್ಲ. ಎರಡು ದಿನದ ಕೂಲಿಗೆ ಹೆದರಿದ್ದು.” ನಮ್ಮ ತಾಯಿ ಆ ಮಾತನ್ನು ನಮಗೆ ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡರು.

ಮಹನೀಯರೆ, ನೂರಕ್ಕೆ 62.4 ಎಂಬ ಆ ಅಂಕಿಯ ಹಿಂದೆ ಇಂಥವು ಎಷ್ಟಿವೆಯೋ ಎಂದು ಅಂದಿನಿಂದ ನಾವು ಯೋಚಿಸುತ್ತಿದ್ದೇವೆ. ಎರಡು ಸೂಜಿಗಳ ನಡುವೆ ಒಂದು ತಿಂಗಳು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಈ ಪಟ್ಟಿಯನ್ನು ಮಾಡಿದವರು ವೈರಸ್ಸಿನ ಸ್ವಭಾವವನ್ನು ಬಲ್ಲವರು, ಅದರಲ್ಲಿ ತಪ್ಪಿಲ್ಲ. ಆದರೆ ಉಣುಗು ಏಳುವ ಮುಂಚೆ ಲಸಿಕೆ ಮುಗಿಯಬೇಕೆಂದರೆ ಅದು ಭತ್ತದ ಕೊಯ್ಲು, ಅಡಕೆ ಕೊಯ್ಲುಗಳ ಮೇಲೆಯೇ ಬಂದು ಬೀಳುತ್ತದೆ. ಮಲೆನಾಡಿನ ಕೂಲಿಯವರಿಗೆ ವರ್ಷದ ಗಳಿಕೆಯ ಕಾಲ ಅದೇ. ಯಾವ ರಿಜಿಸ್ಟರಿನಲ್ಲಿಯೂ ಕೂಲಿಗೆಂದು ಒಂದು ಕಲಮು ಇರಲಿಲ್ಲ. ಇದ್ದಿದ್ದರೆ ಸೂಜಿಯ ದಿನಕ್ಕೆ ಕೂಲಿ ಕಟ್ಟಿಕೊಡುವ ವ್ಯವಸ್ಥೆ ಆಗಬಹುದಿತ್ತು. ಲಸಿಕೆಯ ಖರ್ಚಿನ ಮುಂದೆ, ಹದಿನೆಂಟು ದಿನದ ಆಸ್ಪತ್ರೆಯ ಖರ್ಚಿನ ಮುಂದೆ, ಅದು ಎಷ್ಟರ ಹಣ?

ಇನ್ನೊಂದು ಕೊರತೆ ಇಲಾಖೆಗಳದು. ಕಾಡಿನಲ್ಲಿ ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದ್ದು. ದನದ ಮೈಮೇಲಿನ ಉಣುಗು ಪಶುವೈದ್ಯ ಇಲಾಖೆಗೆ ಸೇರಿದ್ದು. ಮನುಷ್ಯನ ಜ್ವರ ಆರೋಗ್ಯ ಇಲಾಖೆಗೆ ಸೇರಿದ್ದು. ವೈರಸ್ಸಾದರೋ ಈ ಮೂರು ಕಚೇರಿಗಳ ಅನುಮತಿ ಕೇಳದೆ ಮೂರು ಕಡೆಗೂ ಓಡಾಡುತ್ತದೆ. ಮಂಗ ಸತ್ತ ಸುದ್ದಿ ಅದೇ ದಿನ ಆಸ್ಪತ್ರೆಗೆ ಮುಟ್ಟಿದರೆ, ಆ ಸ್ಥಳದ ಸುತ್ತ ಉಣುಗು ಕೊಲ್ಲುವ ಪುಡಿ ಎರಚಿ, ಹೆಣವನ್ನು ಸುಟ್ಟು, ಅತ್ತ ಹೋಗಬೇಡಿರೆಂದು ಡಂಗುರ ಹೊಡೆಸಬಹುದು. ವಾರದ ಮೇಲೆ ಮುಟ್ಟಿದರೆ ಅಷ್ಟರಲ್ಲಿ ಸೊಪ್ಪಿಗೆ ಹೋದವರು ಹೋಗಿ ಬಂದಿರುತ್ತಾರೆ. ನಮ್ಮ ಬ್ಯಾಂಕಿನಲ್ಲಿ ಮೂರು ಕೌಂಟರುಗಳ ಲೆಕ್ಕ ಸಂಜೆ ಒಂದಾಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಅಂಥದೊಂದು ಕಟ್ಟುಪಾಡು ಇಲ್ಲಿಯೂ ಬೇಡವೆ?

ತಿಳಿವಳಿಕೆ ಮುಂದೆ ಹೋಗಿ ಕೆಲಸ ಹಿಂದುಳಿದರೆ ಆಗುವುದು ಹೀಗೆ. ಬಲವಂತ ಮುಂದೆ ಹೋಗಿ ತಿಳಿವಳಿಕೆ ಹಿಂದುಳಿದರೆ ಏನಾಗುತ್ತದೆಂಬುದಕ್ಕೂ ಈ ಪುಣೆಯೇ ಸಾಕ್ಷಿ. 1897ರಲ್ಲಿ ಇಲ್ಲಿ ಪ್ಲೇಗು ಬಂದಾಗ ಸರಕಾರ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿತು. ಅಡುಗೆಮನೆ, ದೇವರಮನೆ ಎನ್ನದೆ ಹೊಕ್ಕು ಜನರನ್ನು ಎಳೆದೊಯ್ದರು. ಪ್ಲೇಗು ಇಲಿಯ ಚಿಗಟದಿಂದ ಬರುತ್ತದೆಂಬುದು ಆಗ ಅವರಿಗೆ ತಿಳಿದಿರಲಿಲ್ಲ. ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಅದನ್ನು ತೋರಿಸಿದ್ದು ಮರುವರ್ಷ, 1898ರಲ್ಲಿ. ಜನರ ಸಿಟ್ಟು ಎಲ್ಲಿಗೆ ಮುಟ್ಟಿತೆಂದರೆ 1897ರ ಜೂನ್ 22ರ ರಾತ್ರಿ ಗಣೇಶಖಿಂಡದ ರಸ್ತೆಯಲ್ಲಿ ಚಾಫೇಕರ್ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡನಿಗೆ ಗುಂಡು ಹೊಡೆದರು. ಅದೇ ವರ್ಷ ಅದೇ ಊರಿನಲ್ಲಿ ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ, ಆ ಪ್ಲೇಗಿಗೇ ತುತ್ತಾಗಿ ಮಾರ್ಚ್ 10ರಂದು ತೀರಿಕೊಂಡರು. ಸೋಲ್ಜರು ಬಾಗಿಲಿಗೆ ಬಂದರೆ ರೋಗಿಯನ್ನು ಅಡಗಿಸಿಡುತ್ತಿದ್ದ ಜನ ಆ ತಾಯಿ ಬಂದರೆ ಅಡಗಿಸುತ್ತಿದ್ದರೆ? ಜನರ ನಂಬಿಕೆ ಇಲ್ಲದೆ ಯಾವ ಆರೋಗ್ಯದ ಕೆಲಸವೂ ನಿಲ್ಲದು.

ಆ ನಂಬಿಕೆಗೆ ಈಗ ಮಲೆನಾಡಿನಲ್ಲಿ ಮತ್ತೆ ಪರೀಕ್ಷೆಯ ಕಾಲ ಬಂದಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಕಾಯಿಲೆ ಜೋರಾಗಿ ಎದ್ದು ಸಾವುಗಳಾದವು. ಆಮೇಲೆ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರ ಸುಮಾರಿಗೆ ಅದನ್ನು ಹಾಕುವುದನ್ನೇ ನಿಲ್ಲಿಸಿದರು. ಹೊಸ ಲಸಿಕೆಗಾಗಿ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡನೆ ಸೇರಿ ಕೆಲಸ ಹಿಡಿದಿದೆ.

ನಾವು ಹೇಳಿದ ಹೆಂಗಸಿಗೆ ಒಬ್ಬ ಮಗಳು. ತಾಯಿಯ ಪಾಡು ನೋಡಿದವಳಾದ್ದರಿಂದ ಅವಳು ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಮೊನ್ನೆ ಫೋನು ಮಾಡಿದ್ದಳು. “ಅಣ್ಣಾ, ನಾನು ಎಲ್ಲಾ ಸೂಜಿ ಹಾಕಿಸ್ಕಂಡೆ. ಈಗ ಅದರಿಂದ ಪ್ರಯೋಜನ ಇಲ್ಲ ಅಂತಾರಲ್ಲ. ಅದನ್ನ ಕಂಡುಹಿಡಿದದ್ದು ನಿಮ್ಮ ಪುಣೆಯಲ್ಲೇ ಅಂತೆ. ಹೌದಾ ಅಲ್ಲವಾ, ಕೇಳಿ ಹೇಳ್ತೀರಾ?” ಎಂದಳು. ಈ ಭಾಷಣಕ್ಕೆ ನಾವು ಒಪ್ಪಿದುದು ಆ ಪ್ರಶ್ನೆಯಿಂದ.

ಅವಳಿಗೆ ನಾವು ಕೊಟ್ಟ ಉತ್ತರವಿದು. ಸೂಜಿ ಸುಳ್ಳಲ್ಲ ತಂಗಿ, ಅದು ತನ್ನ ಕಾಲದಲ್ಲಿ ಅನೇಕರನ್ನು ಕಾಪಾಡಿತು. ಆದರೆ ಅದರ ಬಲ ಸಾಲದೆಂದು ಅದನ್ನು ಹಾಕಿದವರೇ ಲೆಕ್ಕ ನೋಡಿ ಒಪ್ಪಿಕೊಂಡರು. ತಪ್ಪು ಒಪ್ಪಿಕೊಂಡವರನ್ನು ನಂಬಬಹುದು. ಹೊಸದು ಬರುವವರೆಗೆ ಮೈತುಂಬ ಬಟ್ಟೆ ಉಟ್ಟು, ಆಶಾ ಕಾರ್ಯಕರ್ತೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಬೆಟ್ಟಕ್ಕೆ ಹೋಗು. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ತೊಳೆ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸು. ಜ್ವರ ಬಂದರೆ ಒಂದು ದಿನವೂ ತಡೆಯಬೇಡ. ಇಷ್ಟು ಹೇಳಿದೆವು. ಅವಳು “ಆಯ್ತು” ಅಂದಳು. ಪೂರ್ತಿ ಸಮಾಧಾನವಾಯಿತೆಂದು ನಾವು ಹೇಳಲಾರೆವು.

ಇದು ಶಿವಮೊಗ್ಗದವರ ಚಿಂತೆ, ನಮಗೇನು ಎಂದು ಬೆಳಗಾವಿ, ಧಾರವಾಡ, ವಿಜಾಪುರದ ಬಂಧುಗಳು ಭಾವಿಸಬಾರದು. ಐವತ್ತು ವರ್ಷ ಹೆಚ್ಚುಕಡಿಮೆ ನಮ್ಮ ಮಲೆನಾಡು ಕರಾವಳಿಗಳಲ್ಲಿಯೇ ಇದ್ದ ಈ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಆಮೇಲೆ ನೀಲಗಿರಿ, ವಯನಾಡು. 2015ರಲ್ಲಿ ಗೋವೆಯ ಸತ್ತರಿ. 2016ರಲ್ಲಿ ಇದೇ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ. ಅಲ್ಲಿ ಗೇರು ತೋಟಕ್ಕೆ ಹೋದವರಿಗೆ ತಗುಲಿತು. ರಾಜ್ಯಗಳ ಗಡಿ ನಮಗೆ ನಿಮಗೆ ಉಂಟು, ಉಣುಗಿಗೆ ಇಲ್ಲ. ಪಾಷಾಣದಲ್ಲಿ ಇದೇ ಸಂಸ್ಥೆ 2012ರಲ್ಲಿ ಅತ್ಯಂತ ಅಪಾಯದ ವೈರಸ್ಸುಗಳಿಗೆಂದು ಬಿಗಿ ಭದ್ರತೆಯ ಪ್ರಯೋಗಶಾಲೆಯನ್ನು ಕಟ್ಟಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಅಲ್ಲಿ ಬರೆದ ಚೆಕ್ಕು ನಗದಾಗಬೇಕಾದ್ದು ದೋಡಾಮಾರ್ಗದಲ್ಲಿ, ಅರಲಗೋಡಿನಲ್ಲಿ.

ಇಲ್ಲಿರುವ ನಾವೇನು ಮಾಡಬಲ್ಲೆವು? ಸರಕಾರಕ್ಕೆ ಬುದ್ಧಿ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ಈ ಸಭೆಯಲ್ಲಿ ಸಾಗರ, ಸೊರಬ, ಸಿದ್ದಾಪುರ, ಶಿರಸಿ, ತೀರ್ಥಹಳ್ಳಿ ಕಡೆಯ ಮನೆಗಳು ಹಲವು ಇವೆ. ಊರಿನಲ್ಲಿ ತೋಟವಿದೆ, ಅಣ್ಣನೋ ತಮ್ಮನೋ ನೋಡಿಕೊಳ್ಳುತ್ತಾರೆ. ನಮ್ಮ ಬೇಡಿಕೆ ಒಂದೇ. ಹೊಸ ಲಸಿಕೆ ಬಂದ ವರ್ಷ, ಸೂಜಿಯ ದಿನಕ್ಕೂ ತೋಳು ನೋಯುವ ಮರುದಿನಕ್ಕೂ ಕೆಲಸದವರಿಗೆ ಪೂರ್ತಿ ಕೂಲಿ ಕೊಡುತ್ತೇವೆಂದು ಈಗಲೇ ಊರಿಗೆ ಬರೆದು ತಿಳಿಸಿ. ಅಲ್ಲಿಯವರೆಗೆ, ಬೆಟ್ಟಕ್ಕೆ ಹೋಗುವವರಿಗೆ ತೈಲ ಸಿಕ್ಕಿದೆಯೇ ಎಂದು ಡಿಸೆಂಬರಿನಲ್ಲಿ ಒಮ್ಮೆ ಫೋನಿನಲ್ಲಿ ವಿಚಾರಿಸಿ. ನಮ್ಮ ಮನೆಯಲ್ಲಿ ಈ ಕೂಲಿಯ ಮಾತನ್ನು ನಮ್ಮ ತಾಯಿಯವರೇ ಮೊದಲು ಎತ್ತಿದರು. ತೋಟದ ಲೆಕ್ಕದ ಪುಸ್ತಕದಲ್ಲಿ ಅದಕ್ಕೆಂದು ಒಂದು ಕಲಮನ್ನು ತಮ್ಮ ಕೈಯಾರೆ ಬರೆಸಿದ್ದಾರೆ.

ನಾಡು ಒಂದಾದ ಹಬ್ಬದ ದಿನ ಕಾಯಿಲೆಯ ಮಾತನ್ನು ಆಡಿದುದಕ್ಕೆ ಕ್ಷಮೆ ಇರಲಿ. ಕನ್ನಡ ಜನ ಎಂದಾಗ ದರಗು ಹೊತ್ತು ತರುವವರೂ ಅದರಲ್ಲಿ ಸೇರಿದ್ದಾರೆಂದು ಎಣಿಸಿ ಇದನ್ನು ಆಡಿದೆವು.